ಲೆಕ್ಕಕ್ಕುಂಟು, ಆಟಕ್ಕಿಲ್ಲ: ಸಕ್ಕರೆ ಕವಚದ ರೋಗಾಣುಗಳ ವಿರುದ್ಧದ ಪ್ರತಿಕಾಯಗಳನ್ನು ಅಳೆಯುವ ಬಗೆ

ನ್ಯುಮೋನಿಯಾ ಲಸಿಕೆಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಲಸಿಕೆ ಫಲ ಕೊಟ್ಟಿದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಅವುಗಳಲ್ಲಿ ಆರನ್ನು ಆರಿಸಿ, ಬರೆದವರ ಹೆಸರನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ನನ್ನ ಮಗನಿಗೆ ಈಗ ಏಳು ವರ್ಷ. ಎರಡು ವರ್ಷಗಳಲ್ಲಿ ಎರಡು ಸಲ ನ್ಯುಮೋನಿಯಾ ಆಗಿದೆ, ಕಿವಿ ಸೋರುವುದಂತೂ ಮೇಲಿಂದ ಮೇಲೆ. ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಮೂರೂ ಸರಿಯಾಗಿವೆ ಎಂದು ವರದಿ ಬಂದಿದೆ. ಆದರೂ ವೈದ್ಯರು 23 ಬಗೆಗಳ ನ್ಯುಮೋನಿಯಾ ಲಸಿಕೆ ಹಾಕಿಸಿ, ಅದಕ್ಕೆ ಮೊದಲು ಒಮ್ಮೆ ಮತ್ತು ತಿಂಗಳ ನಂತರ ಒಮ್ಮೆ ರಕ್ತ ಕೊಡಬೇಕು ಎನ್ನುತ್ತಾರೆ. ಮಗುವಾಗಿದ್ದಾಗಲೇ 13 ಬಗೆಗಳ ಲಸಿಕೆ ಹಾಕಿಸಿದ್ದೇವೆ. ಒಂದು ಪರೀಕ್ಷೆಗಾಗಿ ಮತ್ತೊಂದು ಲಸಿಕೆ ಏಕೆ?
— ಓದುಗರೊಬ್ಬರು, ದಾವಣಗೆರೆ

ವೈದ್ಯರು ಕೇಳುತ್ತಿರುವುದು ಸರಿಯಾದ ಪರೀಕ್ಷೆಯನ್ನೇ. ಐಜಿಜಿ, ಐಜಿಎ, ಐಜಿಎಂ ಎಂದರೆ ರೋಗಾಣುಗಳನ್ನು ಹಿಡಿಯುವ ರಕ್ತದ ಪ್ರೋಟೀನುಗಳಾದ ಪ್ರತಿಕಾಯಗಳ ಮೂರು ವರ್ಗಗಳು. ಒಟ್ಟು ಐಜಿಜಿ ಎಷ್ಟಿದೆ ಎಂಬ ವರದಿಯು ಕಣಜದಲ್ಲಿ ಕಾಳು ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಅದರಲ್ಲಿ ರಾಗಿ ಎಷ್ಟು, ಜೋಳ ಎಷ್ಟು ಎಂದು ಹೇಳುವುದಿಲ್ಲ. ಕೆಲವು ಮಕ್ಕಳಲ್ಲಿ ಒಟ್ಟು ಪ್ರಮಾಣಕ್ಕೆ ಏನೂ ಕೊರತೆಯಿರುವುದಿಲ್ಲ, ಆದರೆ ಒಂದು ಬಗೆಯ ಗುರಿಯ ವಿರುದ್ಧ ಮಾತ್ರ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ. ಆ ಗುರಿಯೇ ಬ್ಯಾಕ್ಟೀರಿಯಾದ ಮೈಮೇಲಿರುವ ಸಕ್ಕರೆ ಕವಚ, ಅಂದರೆ ಸಕ್ಕರೆಯ ಅಣುಗಳು ಉದ್ದಕ್ಕೆ ಪೋಣಿಸಿಕೊಂಡು ಆದ ಪಾಲಿಸ್ಯಾಕರೈಡ್. ನ್ಯುಮೋನಿಯಾ ಮತ್ತು ಕಿವಿಯ ಸೋಂಕಿಗೆ ಸಾಮಾನ್ಯ ಕಾರಣವಾದ ನ್ಯುಮೊಕಾಕಸ್ ಈ ಕವಚವನ್ನು ಹೊದ್ದುಕೊಂಡೇ ನಮ್ಮ ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳುತ್ತದೆ. ಕವಚದ ರಚನೆಯಲ್ಲಿರುವ ವ್ಯತ್ಯಾಸಕ್ಕೆ ತಕ್ಕಂತೆ ಅದರಲ್ಲಿ 90ಕ್ಕೂ ಹೆಚ್ಚು ಸೀರೋಟೈಪುಗಳಿವೆ.

ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸುವುದು ದೇಹಕ್ಕೆ ಸುಲಭದ ಕೆಲಸವಲ್ಲ. ಪ್ರೋಟೀನಿನ ತುಣುಕುಗಳನ್ನು ಗುರುತಿಸಿ, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗುವ ಟಿ ಕೋಶಗಳಿಗೆ ಬರಿಯ ಸಕ್ಕರೆ ಕಾಣಿಸುವುದೇ ಇಲ್ಲ, ಹಾಗಾಗಿ ಮುಖ್ಯವಾಗಿ ಗುಲ್ಮದ ಅಂಚಿನ ಪ್ರದೇಶದಲ್ಲಿರುವ ಬಿ ಕೋಶಗಳು ಯಾರ ನೆರವೂ ಇಲ್ಲದೆ ಈ ಕೆಲಸವನ್ನು ಮಾಡಬೇಕಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅವರಿಗೆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಬೆಸೆದು ಮಾಡಿದ ಸಂಯುಕ್ತ ಲಸಿಕೆಯನ್ನು ಕೊಡುತ್ತಾರೆ. ನಿಮ್ಮ ಮಗನಿಗೆ ಆಗ ಹಾಕಿದ್ದು ಅದು. ಅದಕ್ಕೆ ಅವನ ದೇಹ ಚೆನ್ನಾಗಿ ಸ್ಪಂದಿಸಿದ್ದರೂ, ಅದು ಪ್ರೋಟೀನಿನ ಬೆಂಬಲದಿಂದ ಆದ ಸ್ಪಂದನೆ. ಬೆಂಬಲವಿಲ್ಲದೆ ಬರಿಯ ಸಕ್ಕರೆಗೆ ಅವನು ಸ್ಪಂದಿಸಬಲ್ಲನೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. 23 ಬಗೆಗಳ ಲಸಿಕೆಯಲ್ಲಿರುವುದು ಬರಿಯ ಸಕ್ಕರೆ. ಆದ್ದರಿಂದ ಇಲ್ಲಿ ಅದು ಲಸಿಕೆಯೂ ಹೌದು, ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹೌದು.

ವರದಿ ಕೈಗೆ ಬಂದಾಗ ಒಂದು ಸಂಗತಿಯನ್ನು ಗಮನಿಸಿ. 13 ಬಗೆಗಳ ಲಸಿಕೆಯಲ್ಲಿರುವ ಸೀರೋಟೈಪುಗಳ ಪೈಕಿ 6ಎ ಒಂದನ್ನು ಬಿಟ್ಟು ಉಳಿದ 12 ಬಗೆಗಳು 23ರ ಲಸಿಕೆಯಲ್ಲಿಯೂ ಇವೆ. ಈ 12ರಲ್ಲಿ ಮಟ್ಟ ಏರಿದರೆ ಅದು ಹಳೆಯ ಸಂಯುಕ್ತ ಲಸಿಕೆಯ ನೆನಪು ಕೆರಳಿದ್ದೂ ಇರಬಹುದು. ಬರಿಯ ಸಕ್ಕರೆಗೆ ತೋರಿದ ಸ್ಪಂದನೆ ಎಂದು ಗಟ್ಟಿಯಾಗಿ ಹೇಳಬಹುದಾದದ್ದು 23ರ ಲಸಿಕೆಯಲ್ಲಿ ಮಾತ್ರ ಇರುವ 11 ಬಗೆಗಳ ಬಗ್ಗೆ: 2, 8, 9ಎನ್, 10ಎ, 11ಎ, 12ಎಫ್, 15ಬಿ, 17ಎಫ್, 20, 22ಎಫ್ ಮತ್ತು 33ಎಫ್. ಎಷ್ಟೋ ವರದಿಗಳಲ್ಲಿ ಎಲ್ಲ ಬಗೆಗಳನ್ನೂ ಒಟ್ಟುಗೂಡಿಸಿ ಒಂದೇ ಶೇಕಡಾವಾರು ಕೊಡುತ್ತಾರೆ. ಹಾಗೆ ಕೊಟ್ಟ ಅಂಕಿ ಇಂಥ ಮಗುವಿನ ವಿಷಯದಲ್ಲಿ ದಾರಿ ತಪ್ಪಿಸುತ್ತದೆ.

ಎರಡನೆಯ ರಕ್ತವನ್ನು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳ ನಡುವೆ ತೆಗೆಯುತ್ತಾರೆ. ಅಮೆರಿಕದ ಅಲರ್ಜಿ ಮತ್ತು ರೋಗನಿರೋಧ ತಜ್ಞರು ರೂಢಿಸಿರುವ ಅಳತೆಗೋಲಿನ ಪ್ರಕಾರ ಪ್ರತಿ ಸೀರೋಟೈಪಿಗೂ ಮಿಲಿಲೀಟರಿಗೆ 1.3 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿಕಾಯ ಇರಬೇಕು. ಆರು ವರ್ಷ ತುಂಬಿದವರಲ್ಲಿ ಪರೀಕ್ಷಿಸಿದ ಬಗೆಗಳ ಶೇ 70ರಷ್ಟಾದರೂ, ಎರಡರಿಂದ ಐದು ವರ್ಷದವರಲ್ಲಿ ಅರ್ಧದಷ್ಟಾದರೂ ಈ ಮಟ್ಟ ಮುಟ್ಟಬೇಕು. ಮೊದಲಿನ ಮಟ್ಟಕ್ಕಿಂತ ಕನಿಷ್ಠ ಎರಡು ಪಟ್ಟು ಏರಿಕೆಯಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಎರಡೂ ಮಾದರಿಗಳನ್ನು ಒಂದೇ ಪ್ರಯೋಗಾಲಯಕ್ಕೆ, ಸಾಧ್ಯವಾದರೆ ಒಂದೇ ದಿನದ ಪರೀಕ್ಷೆಗೆ ಹಾಕಿಸಿ. ಬೇರೆ ಬೇರೆ ಕಡೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಇನ್ನೊಂದು ಮಾತು: ಇತ್ತೀಚಿನ ತಿಂಗಳುಗಳಲ್ಲಿ ಮಗುವಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡಿಸಿದ್ದರೆ ಅದನ್ನು ಮರೆಯದೆ ತಿಳಿಸಿ, ಏಕೆಂದರೆ ಆಗ ಪರೀಕ್ಷೆಯಲ್ಲಿ ಕಾಣುವುದು ರಕ್ತದಾನಿಗಳ ಪ್ರತಿಕಾಯ, ನಿಮ್ಮ ಮಗನದ್ದಲ್ಲ.

ನಾನು ಸೂಕ್ಷ್ಮಜೀವಿವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರೋಟೀನುಗಳ ಮೇಲಿನ ಎಲೈಸಾ ಮಾಡಿ ಅಭ್ಯಾಸವಿದೆ. ನ್ಯುಮೊಕಾಕಸ್ ಎಲೈಸಾದ ವಿಧಾನದಲ್ಲಿ ಸೀರಮ್ಮನ್ನು ಮೊದಲು ಸಿ ಪಾಲಿಸ್ಯಾಕರೈಡ್ ಜೊತೆಗೂ, ಆಮೇಲೆ 22ಎಫ್ ಸಕ್ಕರೆಯ ಜೊತೆಗೂ ಬೆರೆಸಿಡಬೇಕು ಎಂದಿದೆ. ಅಳೆಯಬೇಕಾದ ಪ್ರತಿಕಾಯವನ್ನೇ ನಾವು ಕಳೆದುಕೊಳ್ಳುವುದಿಲ್ಲವೇ?
— ವಿದ್ಯಾರ್ಥಿನಿ, ಮೈಸೂರು

ಪತ್ರಗಳ ರಾಶಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಉತ್ತರವನ್ನು ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ. ಇತರ ಓದುಗರಿಗಾಗಿ ಒಂದು ಮಾತು: ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಎಲೈಸಾ ಎಂದರೆ ಅದರಲ್ಲಿರುವ ಪ್ರತಿಕಾಯವನ್ನು ಬಣ್ಣದ ಮೂಲಕ ಅಳೆಯುವ ಪರೀಕ್ಷೆ.

ಕವಚ ಸಕ್ಕರೆಯದ್ದು ಎಂಬುದನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಮೈಕೆಲ್ ಹೈಡೆಲ್‌ಬರ್ಗರ್ ಮತ್ತು ಆಸ್ವಾಲ್ಡ್ ಏವರಿ 1923ರಲ್ಲಿ ತೋರಿಸಿದರು. ಆ ಕಾಲದಲ್ಲಿ ಪ್ರತಿಕಾಯವನ್ನು ತೂಕದಲ್ಲಿ ಅಳೆಯಬಹುದೆಂಬ ಕಲ್ಪನೆಯೇ ಹೆಚ್ಚಿನವರಿಗೆ ಇರಲಿಲ್ಲ, ಸೀರಮ್ಮನ್ನು ಎಷ್ಟು ಪಟ್ಟು ತೆಳುವಾಗಿಸುವವರೆಗೆ ಅದು ಪ್ರತಿಕ್ರಿಯೆ ತೋರುತ್ತದೆ ಎಂದು ಬರೆದುಕೊಳ್ಳುವುದಷ್ಟೇ ವಾಡಿಕೆಯಾಗಿತ್ತು. ಹೈಡೆಲ್‌ಬರ್ಗರ್ ಮತ್ತು ಫಾರೆಸ್ಟ್ ಕೆಂಡಾಲ್ 1929ರ ಹೊತ್ತಿಗೆ ಕಂಡುಕೊಂಡ ಉಪಾಯ ಬಹಳ ಸರಳ. ಮೂರನೆಯ ಬಗೆಯ ನ್ಯುಮೊಕಾಕಸ್ಸಿನ ಸಕ್ಕರೆಯಲ್ಲಿ ಸಾರಜನಕವೇ ಇಲ್ಲ. ಪ್ರತಿಕಾಯ ಪ್ರೋಟೀನಾದ್ದರಿಂದ ಅದರಲ್ಲಿ ಸಾರಜನಕ ಇದ್ದೇ ಇದೆ. ಎರಡನ್ನೂ ಬೆರೆಸಿ, ತಳಕ್ಕೆ ಇಳಿದ ಗಸಿಯನ್ನು ಚೆನ್ನಾಗಿ ತೊಳೆದು ಅದರಲ್ಲಿರುವ ಸಾರಜನಕವನ್ನು ಅಳೆದರೆ ಅಷ್ಟೂ ಪ್ರತಿಕಾಯದ ಲೆಕ್ಕಕ್ಕೆ ಸೇರುತ್ತದೆ. ಗುರುತುಪಟ್ಟಿ ಹಚ್ಚಿದ ಅಣುಗಳಾಗಲಿ ಬಣ್ಣ ಕೊಡುವ ಕಿಣ್ವಗಳಾಗಲಿ ಇಲ್ಲದ ಕಾಲದಲ್ಲಿ ಪ್ರತಿಕಾಯವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳಲು ಸಾಧ್ಯವಾದದ್ದು ಸಕ್ಕರೆಯ ಈ ಒಂದು ಗುಣದಿಂದ.

ಆ ವಿಧಾನಕ್ಕೆ ಸೀರಮ್ ಬಹಳ ಬೇಕು. ಅಂಗೈಯಷ್ಟು ಕೂಸಿನ ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತಕ್ಕೆ ಅದು ಒಗ್ಗುವುದಿಲ್ಲ. ಹಾಗಾಗಿ ಮುಂದೆ ವಿಕಿರಣಶೀಲ ಗುರುತು ಹಚ್ಚಿದ ಸಕ್ಕರೆಯನ್ನು ಬಳಸುವ ಫಾರ್ ವಿಧಾನ ಬಂದಿತು, 1971ರಲ್ಲಿ ಸ್ಟಾಕ್‌ಹೋಮಿನಲ್ಲಿ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಎಲೈಸಾವನ್ನು ಪ್ರಕಟಿಸಿದ ಮೇಲೆ ಕ್ರಮೇಣ ಅದೇ ಎಲ್ಲೆಡೆ ನೆಲೆಯೂರಿತು. ನಿಮಗೆ ತಿಳಿದಿರುವಂತೆ 96 ಗುಂಡಿಗಳ ತಟ್ಟೆಗೆ ಸಕ್ಕರೆಯನ್ನು ಅಂಟಿಸಿ, ಸೀರಮ್ ಹಾಕಿ, ತೊಳೆದು, ಮನುಷ್ಯರ ಐಜಿಜಿಯನ್ನು ಹಿಡಿಯುವ ಕಿಣ್ವಸಹಿತ ಎರಡನೆಯ ಪ್ರತಿಕಾಯವನ್ನು ಹಾಕಿ, ಬಣ್ಣ ಎಷ್ಟು ಬಂತೆಂದು ಓದುವುದು. ಫಾರ್ ವಿಧಾನ ಐಜಿಜಿ, ಐಜಿಎಂ ಎಂದು ಬೇರ್ಪಡಿಸದೆ ಎಲ್ಲವನ್ನೂ ಒಟ್ಟಿಗೆ ಹೇಳುತ್ತಿತ್ತು, ಎಲೈಸಾ ವರ್ಗವಾರು ಹೇಳಿತು. ಎಲ್ಲ ಸರಿಹೋಯಿತು ಎಂದುಕೊಂಡಾಗಲೇ ತೊಡಕು ಕಾಣಿಸಿಕೊಂಡಿತು. ಎಂದೂ ಲಸಿಕೆ ಹಾಕಿಸಿಕೊಳ್ಳದ ಆರೋಗ್ಯವಂತ ವಯಸ್ಕರ ಸೀರಮ್ಮಿನಲ್ಲಿಯೂ ಸುಮಾರು ಎಲ್ಲ ಸೀರೋಟೈಪುಗಳ ವಿರುದ್ಧ ಪ್ರತಿಕಾಯ ಯಥೇಚ್ಛವಾಗಿದೆ ಎಂದು ತಟ್ಟೆ ಹೇಳತೊಡಗಿತು!

ಅದಕ್ಕೆ ಕಾರಣ ಸಕ್ಕರೆಯ ಶುದ್ಧಿ. ಕವಚದ ಸಕ್ಕರೆಯನ್ನು ಎಷ್ಟೇ ಶುದ್ಧಗೊಳಿಸಿದರೂ ಅದರ ಬುಡದಲ್ಲಿ ಬ್ಯಾಕ್ಟೀರಿಯಾದ ಗೋಡೆಯ ಒಂದು ಅಂಶ ಅಂಟಿಕೊಂಡೇ ಬರುತ್ತದೆ. ಅದೇ ಸಿ ಪಾಲಿಸ್ಯಾಕರೈಡ್. ಸೀರೋಟೈಪ್ ಯಾವುದೇ ಇರಲಿ, ಇದು ನ್ಯುಮೊಕಾಕಸ್ಸುಗಳಿಗೆಲ್ಲ ಸಾಮಾನ್ಯ. ಇದರ ಮೇಲಿರುವ ಫಾಸ್ಫೊರಿಲ್‌ಕೋಲಿನ್ ಎಂಬ ಭಾಗವಂತೂ ಇತರ ಎಷ್ಟೋ ಸೂಕ್ಷ್ಮಜೀವಿಗಳಲ್ಲಿಯೂ ಇದೆ. ಹೀಗಾಗಿ ನಮ್ಮೆಲ್ಲರ ರಕ್ತದಲ್ಲಿಯೂ ಇದರ ವಿರುದ್ಧ ಪ್ರತಿಕಾಯ ಇದ್ದೇ ಇರುತ್ತದೆ. ಕವಚ ಹೊದ್ದ ಜೀವಂತ ಬ್ಯಾಕ್ಟೀರಿಯಾದಲ್ಲಿ ಇದು ಕವಚದ ಒಳಗೆ ಹುದುಗಿರುವುದರಿಂದ ಇದನ್ನು ಹಿಡಿಯುವ ಪ್ರತಿಕಾಯದಿಂದ ಆಗುವ ರಕ್ಷಣೆ ಹೇಳಿಕೊಳ್ಳುವಂಥದ್ದಲ್ಲ. ಮಕ್ಕಳ ಆಟದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ಅದನ್ನು ತಿರುವಿ ಹೇಳಬೇಕು: ಈ ಪ್ರತಿಕಾಯಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅಂದಹಾಗೆ, ಕೋವಿಡ್ ಕಾಲದಲ್ಲಿ ಮನೆಮಾತಾದ ಸಿಆರ್‌ಪಿ ಪರೀಕ್ಷೆಯ ಸಿ ಅಕ್ಷರ ಬಂದದ್ದು ಇಲ್ಲಿಂದಲೇ. 1930ರಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಮ್ಮಿನಲ್ಲಿ ಕಂಡ ಒಂದು ಪ್ರೋಟೀನು ಈ ಸಿ ಪಾಲಿಸ್ಯಾಕರೈಡ್ ಜೊತೆ ಸೇರಿ ಗಸಿಯಾಗುತ್ತಿತ್ತು.

ಈಗ ನಿಮ್ಮ ಸಂದೇಹಕ್ಕೆ ಬರೋಣ. ಸೀರಮ್ಮಿಗೆ ಮೊದಲೇ ಬಿಡಿಯಾದ ಸಿ ಪಾಲಿಸ್ಯಾಕರೈಡನ್ನು ಬೆರೆಸಿಟ್ಟರೆ ಅದರ ಮೇಲಿನ ಪ್ರತಿಕಾಯಗಳು ಅಲ್ಲಿಯೇ ಹಿಡಿದು ಕಟ್ಟಿಹೋಗುತ್ತವೆ, ತಟ್ಟೆಯ ಸಕ್ಕರೆಗೆ ಕವಚದ ಪ್ರತಿಕಾಯಗಳಷ್ಟೇ ಅಂಟುತ್ತವೆ. ನೀವು ಕಳೆದುಕೊಳ್ಳುವುದು ಕಳೆದುಕೊಳ್ಳಬೇಕಾದದ್ದನ್ನೇ. ಇಷ್ಟಾದರೂ ವಯಸ್ಕರ ಸೀರಮ್ಮುಗಳಲ್ಲಿ ಇನ್ನೂ ಒಂದಿಷ್ಟು ಸುಳ್ಳು ಬಣ್ಣ ಉಳಿಯುತ್ತಿತ್ತು. ಅಂದಿನ ಸಂಯುಕ್ತ ಲಸಿಕೆಗಳಲ್ಲಿ ಇಲ್ಲದ 22ಎಫ್ ಸಕ್ಕರೆಯನ್ನೂ ಬೆರೆಸಿದಾಗ ಅದು ಕಡಿಮೆಯಾಯಿತು, ಏಕೆಂದರೆ 22ಎಫ್‌ನ ತಯಾರಿಕೆಯಲ್ಲಿಯೂ ಅದೇ ಸಾಮಾನ್ಯ ಕಶ್ಮಲಗಳಿವೆ. ಈ ಜಾಣತನಕ್ಕೆ ತೆರಬೇಕಾದ ಬೆಲೆಯೂ ಇದೆ. 22ಎಫ್ ವಿರುದ್ಧದ ಪ್ರತಿಕಾಯವನ್ನು ಈ ವಿಧಾನದಿಂದ ಅಳೆಯಲಾಗುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 15 ಮತ್ತು 20 ಬಗೆಗಳ ಸಂಯುಕ್ತ ಲಸಿಕೆಗಳೆರಡರಲ್ಲಿಯೂ 22ಎಫ್ ಇರುವುದರಿಂದ, ಅವುಗಳ ಪರೀಕ್ಷೆಗೆ ಲಸಿಕೆಯಲ್ಲಿಲ್ಲದ ಬೇರೆ ಸಕ್ಕರೆಗಳನ್ನು ಹುಡುಕಿಕೊಳ್ಳಬೇಕಾಯಿತು. ದಾವಣಗೆರೆಯ ಓದುಗರಿಗೆ ನಾನು ಪಟ್ಟಿಮಾಡಿ ಕೊಟ್ಟ 11ರಲ್ಲಿಯೂ 22ಎಫ್ ಇದೆ ಎಂಬುದನ್ನು ನೀವು ಗಮನಿಸಿರಬಹುದು.

ಬಣ್ಣವನ್ನು ಮೈಕ್ರೋಗ್ರಾಮಿಗೆ ಇಳಿಸಲು ಪ್ರತಿ ತಟ್ಟೆಯಲ್ಲಿಯೂ ಪ್ರಮಾಣ ಸೀರಮ್ ಬೇಕು. 1990ರಿಂದ 89ಎಸ್‌ಎಫ್ ಎಂಬ ಸೀರಮ್ ಜಗತ್ತಿನೆಲ್ಲೆಡೆ ಬಳಕೆಯಲ್ಲಿತ್ತು. ಅದು ಮುಗಿಯುತ್ತ ಬಂದಾಗ 23 ಬಗೆಗಳ ಲಸಿಕೆ ಪಡೆದ 278 ವಯಸ್ಕರ ರಕ್ತದಿಂದ 007ಎಸ್‌ಪಿ ಎಂಬ ಹೊಸ ಸೀರಮ್ಮನ್ನು ತಯಾರಿಸಿ, ಹಳೆಯದರ ಜೊತೆ ತೂಗಿ ನೋಡಿ ಬೆಲೆ ಕಟ್ಟಿದರು. ಹಳೆಯ ಸೇರನ್ನು ನೋಡಿ ಹೊಸ ಸೇರನ್ನು ಮಾಡಿದಂತೆ. ಸೇರು ಬದಲಾದಾಗ ನಡುವೆ ಎಲ್ಲಿಯೂ ಅಳತೆ ಜಾರಬಾರದು ಎಂಬ ಎಚ್ಚರ ಈ ಕ್ಷೇತ್ರದಲ್ಲಿ ದೊಡ್ಡದು.

ಕೊನೆಯದಾಗಿ ನಿಮ್ಮ ಅಭ್ಯಾಸಕ್ಕೆ ಒಂದು ಸೂಚನೆ. ಪ್ರೋಟೀನಿನಂತೆ ಎಲ್ಲ ಸಕ್ಕರೆಗಳೂ ಪಾಲಿಸ್ಟೈರೀನ್ ತಟ್ಟೆಗೆ ತಾವಾಗಿ ಅಂಟುವುದಿಲ್ಲ. ನ್ಯುಮೊಕಾಕಸ್ಸಿನ ಸಕ್ಕರೆಗಳು ಹೆಚ್ಚುಕಡಿಮೆ ಅಂಟುತ್ತವೆ. ಮೆದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ಸಿನ ಸಕ್ಕರೆಗೆ ಮೀಥೈಲ್ ಸೇರಿಸಿದ ಆಲ್ಬ್ಯುಮಿನ್ ಎಂಬ ಪ್ರೋಟೀನನ್ನು ಬೆರೆಸುತ್ತಾರೆ, ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜೆ ಬಿ) ಬ್ಯಾಕ್ಟೀರಿಯಾದ ಸಕ್ಕರೆಯನ್ನು ಆಲ್ಬ್ಯುಮಿನ್ನಿಗೆ ಬೆಸೆದೇ ಹಾಕುತ್ತಾರೆ. ಟೈಫಾಯ್ಡ್‌ನ ವಿಐ ಸಕ್ಕರೆಗೆ ಪಾಲಿಲೈಸಿನ್ ಅಥವಾ ಬಯೋಟಿನ್‌ನ ಆಸರೆ ಬೇಕು. ತಟ್ಟೆ ಬಣ್ಣ ತೋರದಿದ್ದರೆ ಸೀರಮ್ಮನ್ನು ದೂರುವ ಮೊದಲು ಸಕ್ಕರೆ ತಟ್ಟೆಯ ಮೇಲೆ ಇದೆಯೇ ಎಂದು ನೋಡಿಕೊಳ್ಳಿ.

ಎಲೈಸಾದಲ್ಲಿ ಪ್ರತಿಕಾಯ ಇದೆ ಎಂದು ಗೊತ್ತಾದ ಮೇಲೂ ಆಪ್ಸೊನೊಫ್ಯಾಗೊಸೈಟಿಕ್ ಪರೀಕ್ಷೆ ಮಾಡಬೇಕು ಎನ್ನುತ್ತಾರೆ. ಅಷ್ಟು ಶ್ರಮ ಯಾಕೆ?
— ಪ್ರಯೋಗಾಲಯ ತಂತ್ರಜ್ಞರು, ಬೆಳಗಾವಿ

ಪ್ರತಿಕಾಯ ಅಂಟುವುದು ಒಂದು, ಅಂಟಿದ ಮೇಲೆ ಬ್ಯಾಕ್ಟೀರಿಯಾ ಸಾಯುವುದು ಇನ್ನೊಂದು. ನ್ಯುಮೊಕಾಕಸ್ಸಿನ ಗೋಡೆ ದಪ್ಪವಾದ್ದರಿಂದ ಪ್ರತಿಕಾಯ ಮತ್ತು ರಕ್ತದಲ್ಲಿ ಅದಕ್ಕೆ ನೆರವಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳೆರಡೂ ಸೇರಿದರೂ ಅದನ್ನು ತೂತು ಮಾಡಲಾಗುವುದಿಲ್ಲ. ಅವು ಮಾಡುವುದೇನಿದ್ದರೂ ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಕ್ಕೆ ನುಂಗಲು ಯೋಗ್ಯವಾಗುವಂತೆ ಸಜ್ಜುಗೊಳಿಸುವುದು. ಈ ಪರೀಕ್ಷೆಯಲ್ಲಿ ಆ ಇಡೀ ಪ್ರಸಂಗವನ್ನು ತಟ್ಟೆಯಲ್ಲಿ ಆಡಿಸಿ ನೋಡುತ್ತೇವೆ. ಶಾಖದಿಂದ ಸ್ವಂತ ಕಾಂಪ್ಲಿಮೆಂಟ್ ಕಳೆದ ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸಿ, ಜೀವಂತ ಬ್ಯಾಕ್ಟೀರಿಯಾ, ಮೊಲದ ಮರಿಗಳ ಕಾಂಪ್ಲಿಮೆಂಟ್ ಮತ್ತು ನುಂಗುವ ಕೋಶಗಳನ್ನು ಸೇರಿಸಬೇಕು. ನುಂಗುವ ಕೋಶಗಳೆಂದರೆ ಎಚ್‌ಎಲ್ 60 ಎಂಬ ರಕ್ತದ ಕ್ಯಾನ್ಸರಿನ ಕೋಶಸಂತತಿ. ಡೈಮೀಥೈಲ್‌ಫಾರ್ಮಮೈಡ್ ಹಾಕಿ ಕೆಲವು ದಿನ ಬೆಳೆಸಿದರೆ ಅವು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಂತೆ ವರ್ತಿಸುತ್ತವೆ. ಆಮೇಲೆ ಅಗರ್ ಮೇಲೆ ಬೆಳೆದ ಕಾಲೊನಿಗಳನ್ನು ಎಣಿಸಿ, ಸೀರಮ್ಮನ್ನು ಎಷ್ಟು ಪಟ್ಟು ತೆಳುಗೊಳಿಸಿದಾಗ ಅರ್ಧದಷ್ಟು ಬ್ಯಾಕ್ಟೀರಿಯಾ ಸಾಯುತ್ತದೆ ಎಂಬುದನ್ನೇ ಉತ್ತರವಾಗಿ ಬರೆಯುವುದು. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಪ್ರಯೋಗಾಲಯದಲ್ಲಿ ಮೂನ್ ನಾಮ್ ಅವರ ತಂಡ ಇದನ್ನು ಒಂದೇ ಗುಂಡಿಯಲ್ಲಿ ನಾಲ್ಕು ಸೀರೋಟೈಪುಗಳಿಗೆ ಮಾಡುವಂತೆ ಹೊಂದಿಸಿತು: ನಾಲ್ಕಕ್ಕೂ ಬೇರೆ ಬೇರೆ ಆ್ಯಂಟಿಬಯೋಟಿಕ್ ತಡೆಯುವ ಗುಣವಿದ್ದರೆ, ಕೊನೆಯಲ್ಲಿ ನಾಲ್ಕು ಅಗರ್‌ಗಳ ಮೇಲೆ ಅವು ಬೇರ್ಪಟ್ಟು ಕಾಣುತ್ತವೆ.

ಶ್ರಮಕ್ಕೆ ಏನು ಫಲ ಎಂದರೆ 19ಎಫ್ ಮತ್ತು 19ಎ ಕಥೆಯನ್ನು ಹೇಳಬೇಕು. 2000ದಲ್ಲಿ ಅಮೆರಿಕದಲ್ಲಿ ಬಂದ ಏಳು ಬಗೆಗಳ ಸಂಯುಕ್ತ ಲಸಿಕೆಯಲ್ಲಿ 19ಎಫ್ ಇತ್ತು, 19ಎ ಇರಲಿಲ್ಲ. ಎರಡರ ಸಕ್ಕರೆ ಬಹಳ ಹತ್ತಿರದ್ದು, ಲಸಿಕೆ ಪಡೆದ ಮಕ್ಕಳ ಸೀರಮ್ 19ಎ ತಟ್ಟೆಗೂ ಚೆನ್ನಾಗಿ ಅಂಟುತ್ತಿತ್ತು, ಹಾಗಾಗಿ ಒಂದರಿಂದ ಇನ್ನೊಂದಕ್ಕೂ ರಕ್ಷಣೆ ಸಿಗುತ್ತದೆ ಎಂಬ ನಿರೀಕ್ಷೆಯಿತ್ತು. ಆದರೆ ಕೊಲ್ಲುವ ಪರೀಕ್ಷೆಯಲ್ಲಿ ಅದೇ ಸೀರಮ್ 19ಎ ಎದುರು ಹೆಚ್ಚಿನಂಶ ಸೋತಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ಮಕ್ಕಳಲ್ಲಿ 19ಎ ಸೋಂಕು ಏರುತ್ತಲೇ ಹೋಗಿ, 2010ರ 13 ಬಗೆಗಳ ಲಸಿಕೆಯಲ್ಲಿ ಅದನ್ನು ಸೇರಿಸಬೇಕಾಯಿತು. 6ಬಿ ಮತ್ತು 6ಎ ಜೋಡಿಯಲ್ಲಿ ಇದಕ್ಕೆ ವಿರುದ್ಧ. 6ಬಿ ಲಸಿಕೆಯ ಪ್ರತಿಕಾಯ 6ಎಯನ್ನು ಕೊಲ್ಲುತ್ತದೆ ಎಂದು ಪರೀಕ್ಷೆ ಹೇಳಿತು, ಸಮುದಾಯದಲ್ಲಿಯೂ 6ಎ ಇಳಿಯಿತು. ತಟ್ಟೆಯ ಬಣ್ಣ ಎರಡೂ ಜೋಡಿಗಳಿಗೆ ಭರವಸೆ ಕೊಟ್ಟಿತ್ತು, ಎರಡರ ನಡುವಿನ ವ್ಯತ್ಯಾಸವನ್ನು ಕಂಡದ್ದು ನುಂಗುವ ಕೋಶ ಮಾತ್ರ.

ಈ ಪರೀಕ್ಷೆಯೂ ಮೋಸಹೋಗುತ್ತದೆ. ರೋಗಿ ಆ್ಯಂಟಿಬಯೋಟಿಕ್ ಸೇವಿಸುತ್ತಿದ್ದರೆ ಸೀರಮ್ಮಿನಲ್ಲಿರುವ ಔಷಧವೇ ಬ್ಯಾಕ್ಟೀರಿಯಾವನ್ನು ಕೊಂದು ಕೀರ್ತಿಯನ್ನು ಪ್ರತಿಕಾಯಕ್ಕೆ ಕೊಡುತ್ತದೆ. ಮೂರನೆಯ ಸೀರೋಟೈಪಿನದ್ದು ಮತ್ತೊಂದು ತಲೆನೋವು. ಅದರ ದಪ್ಪ ಕವಚ ಗೋಡೆಗೆ ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲ, ದೇಹದಲ್ಲಿ ಸಕ್ಕರೆ ಕಳಚಿ ಹರಡಿ ಪ್ರತಿಕಾಯಗಳನ್ನು ದಾರಿಯಲ್ಲೇ ಹೀರಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಪ್ರತಿಕಾಯ ಚೆನ್ನಾಗಿ ಕಂಡರೂ ಸಮುದಾಯದಲ್ಲಿ ಈ ಬಗೆಯ ವಿರುದ್ಧ ಲಸಿಕೆಯ ರಕ್ಷಣೆ ಮಂದವಾಗಿಯೇ ಉಳಿದಿದೆ.

ನೀವು ಮೆನಿಂಗೊಕಾಕಸ್ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ಅದರ ಹೊರಪೊರೆ ತೆಳು, ಕಾಂಪ್ಲಿಮೆಂಟ್ ಅದನ್ನು ನೇರವಾಗಿ ತೂತು ಮಾಡಬಲ್ಲದು, ಆದ್ದರಿಂದ ಅಲ್ಲಿ ನುಂಗುವ ಕೋಶಗಳಿಲ್ಲದ ಸೀರಮ್ ಬ್ಯಾಕ್ಟೀರಿಯಾನಾಶಕ ಪರೀಕ್ಷೆ ಸಾಕು. ಅದರ ಅಧಿಕಾರ ಬಂದದ್ದು 1969ರಲ್ಲಿ ಪ್ರಕಟವಾದ ಅಮೆರಿಕದ ಸೈನಿಕರ ಅಧ್ಯಯನದಿಂದ. ಗೋಲ್ಡ್‌ಶ್ನೈಡರ್, ಗಾಟ್ಶ್ಲಿಚ್ ಮತ್ತು ಆರ್ಟೆನ್‌ಸ್ಟೀನ್ ಹೊಸದಾಗಿ ಸೇರಿದ ಸೈನಿಕರ ರಕ್ತವನ್ನು ಮೊದಲೇ ತೆಗೆದಿಟ್ಟು, ಆಮೇಲೆ ಯಾರಿಗೆ ಮೆದುಳುಪೊರೆಯ ಉರಿಯೂತ ಬಂತೆಂದು ನೋಡಿದರು. ಕಾಯಿಲೆ ಬಿದ್ದವರ ಹಳೆಯ ಸೀರಮ್ಮಿನಲ್ಲಿ ಕೊಲ್ಲುವ ಶಕ್ತಿ ಇದ್ದದ್ದು ಬೆರಳೆಣಿಕೆಯವರಲ್ಲಿ, ಬೀಳದೆ ಉಳಿದವರಲ್ಲಿ ಬಹುಪಾಲು ಜನರಲ್ಲಿ. ಅಷ್ಟು ನೇರವಾದ ಸಾಕ್ಷ್ಯ ನ್ಯುಮೊಕಾಕಸ್‌ಗೆ ಇಂದಿಗೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಕಡೆ 0.35, ಇನ್ನೊಂದು ಕಡೆ 1.3 ಎಂದು ಓದಿದೆ. ರಕ್ಷಣೆಗೆ ಎರಡು ಗೆರೆಗಳೇಕೆ?
— ಔಷಧ ಕಂಪನಿಯ ಉದ್ಯೋಗಿ, ಬೆಂಗಳೂರು

ಎರಡೂ ಬೇರೆ ಬೇರೆ ಪ್ರಶ್ನೆಗಳ ಉತ್ತರ. ಉತ್ತರ ಕ್ಯಾಲಿಫೋರ್ನಿಯಾ, ಅಮೆರಿಕದ ಮೂಲನಿವಾಸಿಗಳು ಮತ್ತು ದಕ್ಷಿಣ ಆಫ್ರಿಕಾ, ಈ ಮೂರು ಕಡೆ ಶಿಶುಗಳಲ್ಲಿ ನಡೆದ ಸಂಯುಕ್ತ ಲಸಿಕೆಯ ಪ್ರಯೋಗಗಳಲ್ಲಿ ಲಸಿಕೆ ಶೇಕಡಾ ಎಷ್ಟು ರಕ್ಷಣೆ ಕೊಟ್ಟಿತೋ, ಅಷ್ಟೇ ವ್ಯತ್ಯಾಸ ಪ್ರತಿಕಾಯದ ಯಾವ ಮಟ್ಟದಲ್ಲಿ ಕಾಣುತ್ತದೆ ಎಂದು ಹಿಮ್ಮುಖವಾಗಿ ಲೆಕ್ಕ ಹಾಕಿ ತೆಗೆದದ್ದು ಮಿಲಿಲೀಟರಿಗೆ 0.35 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೊಸ ಲಸಿಕೆಯೊಂದನ್ನು ಹಳೆಯದರ ಜೊತೆ ಹೋಲಿಸಲು ಒಪ್ಪಿಕೊಂಡಿತು. ಹಳೆಯ ಲಸಿಕೆ ಕೈಯಲ್ಲಿರುವಾಗ ಮಕ್ಕಳನ್ನು ಲಸಿಕೆಯಿಲ್ಲದೆ ಬಿಟ್ಟು ಕಾಯಿಲೆ ಎಣಿಸುವುದು ಸಲ್ಲದ ಮಾತು, ಹಾಗಾಗಿ ಈ ಗೆರೆಯ ಉಪಕಾರ ದೊಡ್ಡದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಹತ್ತು ಬಗೆಗಳ ನ್ಯುಮೊಸಿಲ್ ಗ್ಯಾಂಬಿಯಾದ ಶಿಶುಗಳಲ್ಲಿ ಪ್ರತಿಕಾಯದ ಹೋಲಿಕೆಯ ಮೂಲಕವೇ ಪರೀಕ್ಷೆಗೆ ಒಳಗಾಯಿತು, 2019ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಪಡೆಯಿತು.

ಆದರೆ 0.35 ಒಂದು ಗುಂಪಿನ ಲೆಕ್ಕ. ಒಂದು ಮಗುವಿನ ವರದಿಯಲ್ಲಿ 0.36 ಎಂದಿದ್ದರೆ ಕ್ಷೇಮ, 0.34 ಎಂದಿದ್ದರೆ ಅಪಾಯ ಎಂದು ಓದುವುದು ಅದರ ದುರ್ಬಳಕೆ. 1.3 ಎಂಬುದು ಬರಿಯ ಸಕ್ಕರೆಗೆ ಒಬ್ಬ ವ್ಯಕ್ತಿ ಸ್ಪಂದಿಸುತ್ತಾನೆಯೇ ಎಂದು ತೀರ್ಮಾನಿಸಲು ತಜ್ಞರು ಒಪ್ಪಿಕೊಂಡ ರೂಢಿಯ ಗೆರೆ. ಹಿಬ್‌ಗೂ ಹೀಗೆಯೇ ಎರಡು ಗೆರೆಗಳಿವೆ: ಸದ್ಯದ ರಕ್ಷಣೆಗೆ 0.15, ದೀರ್ಘಕಾಲದ ರಕ್ಷಣೆಗೆ 1.0. ಎರಡನೆಯದು ಬಂದದ್ದು ಫಿನ್‌ಲ್ಯಾಂಡಿನ ಮಕ್ಕಳಿಗೆ ಬರಿಯ ಸಕ್ಕರೆಯ ಲಸಿಕೆ ಕೊಟ್ಟಾಗ. ಇಂದಿನ ಸಂಯುಕ್ತ ಲಸಿಕೆಗೆ ಅದನ್ನೇ ಹಿಡಿದು ಕೂರುವುದರಲ್ಲಿ ಅರ್ಥ ಕಡಿಮೆ, ಏಕೆಂದರೆ ಇದರಿಂದ ನೆನಪಿನ ಕೋಶಗಳೂ ಹುಟ್ಟುತ್ತವೆ.

ನನಗೆ 71 ವರ್ಷ. ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡಿದ್ದೇನೆ. ಪ್ರತಿಕಾಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಲೇ?
— ನಿವೃತ್ತ ಶಿಕ್ಷಕರು, ಧಾರವಾಡ

ಬೇಡ ಮೇಷ್ಟ್ರೇ. ಮೇಲಿಂದ ಮೇಲೆ ಸೋಂಕು ಆಗುತ್ತಿಲ್ಲದಿದ್ದರೆ ಆ ಅಂಕಿಯಿಂದ ನಿಮ್ಮ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಹಿರಿಯರಲ್ಲಿ ಎಲೈಸಾ ಮಟ್ಟ ಎಳೆಯರಷ್ಟೇ ಕಂಡರೂ ಪ್ರತಿ ಮೈಕ್ರೋಗ್ರಾಮಿನ ಕೊಲ್ಲುವ ಶಕ್ತಿ ಕಡಿಮೆ ಇರುವುದುಂಟು, ಆದ್ದರಿಂದ ಒಳ್ಳೆಯ ಅಂಕಿ ಬಂದರೂ ಅದನ್ನು ನೆಚ್ಚಿಕೊಂಡು ಜ್ವರ, ಕೆಮ್ಮು, ಉಸಿರಾಟದ ತೊಂದರೆಗಳನ್ನು ಕಡೆಗಣಿಸುವುದು ಸರಿಯಲ್ಲ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯುಮೊಕಾಕಸ್ ಪರೀಕ್ಷೆ ಮಾಡುತ್ತಾರಂತಲ್ಲ ಎಂದೂ ಕೇಳಿದ್ದೀರಿ. ಅಲ್ಲಿನ ಕೇಂದ್ರ ಸಂಶೋಧನಾ ಪ್ರಯೋಗಾಲಯ ವರ್ಷಗಳಿಂದ ಮಾಡುತ್ತ ಬಂದಿರುವುದು ಇದರ ಮಗ್ಗುಲು ಬದಲಿಸಿದ ಕೆಲಸ: ರೋಗಿಗಳಿಂದ ದೊರೆತ ಬ್ಯಾಕ್ಟೀರಿಯಾ ಯಾವ ಸೀರೋಟೈಪಿನದ್ದು ಎಂದು ಗುರುತಿಸುವುದು. ಗೊತ್ತಿರುವ ಪ್ರತಿಕಾಯವನ್ನು ಹಾಕಿದಾಗ ಕವಚ ಉಬ್ಬಿದಂತೆ ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ಫ್ರೆಡ್ ನಾಯ್‌ಫೆಲ್ಡ್ 1902ರಲ್ಲಿಯೇ ವರ್ಣಿಸಿದ್ದರು, ಅದು ಈಗಲೂ ಗುರುತಿಸುವಿಕೆಯ ಮಾನದಂಡ. ಅಲ್ಲಿ ಪ್ರತಿಕಾಯ ಗೊತ್ತಿದ್ದು ಸಕ್ಕರೆಯನ್ನು ಹುಡುಕುತ್ತಾರೆ, ನಾವು ಇಲ್ಲಿ ಸಕ್ಕರೆ ಗೊತ್ತಿದ್ದು ಪ್ರತಿಕಾಯವನ್ನು ಹುಡುಕುತ್ತೇವೆ.

ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡ ಮೇಲೆ ವಿಡಾಲ್ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ಲಸಿಕೆ ವ್ಯರ್ಥವಾಯಿತೇ?
— ಓದುಗರೊಬ್ಬರು, ಕಲಬುರಗಿ

ವ್ಯರ್ಥವಾಗಿಲ್ಲ. ವಿಡಾಲ್ ನೋಡುವುದು ಓ ಮತ್ತು ಎಚ್ ಎಂಬ ಎರಡು ಗುರಿಗಳ ಮೇಲಿನ ಪ್ರತಿಕಾಯಗಳನ್ನು. ನಿಮಗೆ ಹಾಕಿರಬಹುದಾದ ಇಂದಿನ ಚುಚ್ಚುಮದ್ದಿನ ಲಸಿಕೆಗಳಲ್ಲಿ ಇರುವುದು ವಿಐ, ಅಂದರೆ ಟೈಫಾಯ್ಡ್ ಬ್ಯಾಕ್ಟೀರಿಯಾದ ಕವಚದ ಸಕ್ಕರೆ. 1934ರಲ್ಲಿ ಅದನ್ನು ಗುರುತಿಸಿದ ಫೆಲಿಕ್ಸ್ ಮತ್ತು ಪಿಟ್ ರೋಗಕಾರಕ ತೀವ್ರತೆಯ (ವಿರುಲೆನ್ಸ್) ಸೂಚಕವೆಂದು ಆ ಹೆಸರನ್ನು ಕೊಟ್ಟರು. ಅಕ್ಕಿ ಹಾಕಿ ರಾಗಿ ಮೊಳೆಯಲಿಲ್ಲ ಎಂದು ಕೊರಗುವಂತಾಯಿತು ನಿಮ್ಮ ಚಿಂತೆ. ಲಸಿಕೆಯ ಸ್ಪಂದನೆಯನ್ನು ನೋಡಬೇಕಾದರೆ ವಿಐ ಎಲೈಸಾ ಬೇಕು, ಅದಕ್ಕೂ ಈಗ ಅಂತರರಾಷ್ಟ್ರೀಯ ಪ್ರಮಾಣ ಸೀರಮ್ ಇದೆ. ಆದರೆ ಇಂತಿಷ್ಟು ಇದ್ದರೆ ರಕ್ಷಣೆ ಎಂಬ ಎಲ್ಲರೂ ಒಪ್ಪಿದ ಗೆರೆ ವಿಐಗೆ ಇನ್ನೂ ಇಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್‌ನ ಸಂಯುಕ್ತ ಲಸಿಕೆಯನ್ನು ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರಿಗೆ ಕೊಟ್ಟು, ಆಮೇಲೆ ಅವರಿಗೆ ಬ್ಯಾಕ್ಟೀರಿಯಾವನ್ನೇ ಕುಡಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲಸಿಕೆ ಕೆಲಸ ಮಾಡುತ್ತದೆಂದು ಅದು ತೋರಿಸಿತು. ಮುಂದಿನ ವಿಶ್ಲೇಷಣೆಗಳಲ್ಲಿ ಐಜಿಜಿಯ ಜೊತೆಗೆ ಐಜಿಎ ಪ್ರತಿಕಾಯಕ್ಕೂ ರಕ್ಷಣೆಯಲ್ಲಿ ಪಾತ್ರವಿರುವ ಸೂಚನೆ ಸಿಕ್ಕಿತು.

ವಿಐ ಪ್ರತಿಕಾಯಕ್ಕೆ ಇನ್ನೊಂದು ಹಳೆಯ ಉಪಯೋಗವೂ ಇದೆ. ಪಿತ್ತಕೋಶದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಇಟ್ಟುಕೊಂಡು, ತಾವು ಆರೋಗ್ಯವಾಗಿದ್ದೇ ಇತರರಿಗೆ ಹರಡುವ ವಾಹಕರ ರಕ್ತದಲ್ಲಿ ಅದರ ಮಟ್ಟ ಬಹಳ ಎತ್ತರದಲ್ಲಿರುತ್ತದೆ, ಆದ್ದರಿಂದ ಅವರನ್ನು ಹುಡುಕಲು ಈ ಪರೀಕ್ಷೆಯನ್ನು ಬಳಸಿದ್ದಾರೆ. ಲಸಿಕೆ ಹಾಕಿಸಿಕೊಂಡ ನಿಮ್ಮಂಥವರ ರಕ್ತದಲ್ಲಿಯೂ ಈಗ ಅದೇ ಪ್ರತಿಕಾಯ ಇರುವುದರಿಂದ, ಮುಂದೆ ಎಂದಾದರೂ ಯಾರಾದರೂ ಈ ಪರೀಕ್ಷೆ ಮಾಡಿದರೆ ಲಸಿಕೆ ಪಡೆದ ದಿನಾಂಕವನ್ನು ಅವರಿಗೆ ತಿಳಿಸಿ. ಲಸಿಕೆಯ ಚೀಟಿಯನ್ನು ಕಳೆಯದೆ ಇಟ್ಟುಕೊಳ್ಳಿ.